ಕಾರವಾರದ ಮಳೆಗಾಲದಲ್ಲಿ ಸಕ್ಯುಲೆಂಟ್ ಗಿಡಗಳು ಕೊಳೆಯುತ್ತಿವೆ: ಕರಾವಳಿಯಲ್ಲಿ ಬೆಳೆಸಿ ಉಳಿಸಿಕೊಂಡವರು ದಾರಿ ತಿಳಿಸಬೇಕು

ಕೋಡಿಬಾಗ ಕೈತೋಟ, ಕಾರವಾರ
ಜುಲೈ 21

ಎಲ್ಲರಿಗೂ ನಮಸ್ಕಾರ.

ನಾನು ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಕಡಲನ್ನು ಸೇರುವ ಅಳಿವೆಗೆ ಹತ್ತಿರದ ಮನೆಯೊಂದರ ಮೊದಲ ಮಹಡಿಯಲ್ಲಿ ವಾಸವಾಗಿದ್ದೇನೆ. ಕಳೆದ ಜನವರಿಯಲ್ಲಿ ಬೆಂಗಳೂರಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ಅಲ್ಲಿಯ ಒಂದು ನರ್ಸರಿಯಿಂದ 14 ಸಕ್ಯುಲೆಂಟ್ (ಎಲೆ, ಕಾಂಡಗಳಲ್ಲಿ ನೀರು ಕೂಡಿಟ್ಟುಕೊಳ್ಳುವ) ಗಿಡಗಳನ್ನು ಆರಿಸಿಕೊಂಡು ಬಂದೆ. ಅವುಗಳಲ್ಲಿ 6 ಎಚೆವೇರಿಯಾ, 3 ಹಾವರ್ಥಿಯಾ, 2 ಅಡೇನಿಯಂ, ಒಂದು ಜೇಡ್ ಗಿಡ, ಒಂದು ಸ್ನೇಕ್ ಪ್ಲಾಂಟ್ ಹಾಗೂ ಹಸಿರು ಕಾಂಡದ ಮೇಲೆ ಕೆಂಪು ಗುಂಡನ್ನು ಕಸಿ ಮಾಡಿದ ಒಂದು ಪುಟ್ಟ ಕಳ್ಳಿ ಇದ್ದವು. ವಾರಕ್ಕೊಮ್ಮೆ ನೀರು ಕೊಟ್ಟರೆ ಸಾಕು, ಬೇರೆ ಯಾವ ಆರೈಕೆಯೂ ಬೇಡ ಎಂದು ಅಂಗಡಿಯವರು ಹೇಳಿದ್ದರು. ಫೆಬ್ರವರಿಯಿಂದ ಏಪ್ರಿಲ್ ತನಕ ಅವರ ಮಾತು ನಿಜವೆಂದೇ ತೋರಿತು. ಮೇ ತಿಂಗಳಲ್ಲಿ ಎಚೆವೇರಿಯಾಗಳ ಬಣ್ಣ ಸ್ವಲ್ಪ ಮಂಕಾಯಿತು; ಸೆಖೆಗೆ ಹಾಗಾಗಿರಬಹುದೆಂದು ಸುಮ್ಮನಿದ್ದೆ.

ಮೃಗಶಿರಾ ಮಳೆ ಹಿಡಿದು ಎಂಟು ದಿನವೂ ಕಳೆದಿರಲಿಲ್ಲ, ಮೊದಲ ಗಿಡ ಹೋಯಿತು. ಹಿಂದಿನ ಸಂಜೆ ನೋಡಿದಾಗ ಕೆಳಗಿನ ಎರಡು ಎಲೆ ಮಾತ್ರ ಬೆಂದ ಈರುಳ್ಳಿಯ ಪದರದ ಹಾಗೆ ಪಾರದರ್ಶಕವಾಗಿದ್ದವು. ಮರುದಿನ ಬೆಳಿಗ್ಗೆ ಬೆರಳು ತಾಗಿಸಿದೊಡನೆ ಇಡೀ ಹೂವಿನಂಥ ತಲೆ ಕಳಚಿ ಕೈಗೆ ಬಂತು. ಬುಡದ ಕಾಂಡ ಕಪ್ಪಾಗಿ ಹುಳಿ ವಾಸನೆ ಬರುತ್ತಿತ್ತು. ಗಿಡಗಳನ್ನು ನಾನು ಮಳೆಗೆ ಇಟ್ಟಿರಲಿಲ್ಲ. ಪಡುವಣ ದಿಕ್ಕಿನ ಬಾಲ್ಕನಿಯಲ್ಲಿ, ಮಾಡಿನ ಅಡಿಯಲ್ಲಿಯೇ ಇದ್ದವು. ಎರಚಲು ಬರುತ್ತಿತ್ತೆಂಬುದು ನಿಜ, ಆದರೆ ಜೂನ್ ಪೂರ್ತಿ ನಾನಾಗಿ ನೀರು ಕೊಟ್ಟದ್ದು ಎರಡೇ ಸಲ. ಈಗ 4 ಎಚೆವೇರಿಯಾ ಸತ್ತಿವೆ, ಒಂದು ಅಡೇನಿಯಂನ ಬುಡವನ್ನು ಒತ್ತಿದರೆ ಮೆತ್ತಗಿದೆ, ಜೇಡ್ ಗಿಡ ದಿನಕ್ಕೆ ನಾಲ್ಕೈದು ಎಲೆ ಉದುರಿಸುತ್ತಿದೆ. ಹಾವರ್ಥಿಯಾ ಮತ್ತು ಸ್ನೇಕ್ ಪ್ಲಾಂಟ್ ಮಾತ್ರ ಏನೂ ಆಗದಂತೆ ನಿಂತಿವೆ.

ನೀರು ಕೊಡದಿದ್ದರೂ ಗಿಡ ಕೊಳೆಯುವುದೇಕೆ? ಕುಂಡದ ಮಣ್ಣನ್ನು ಬದಲಿಸಬೇಕೆ? ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಊರಿನಲ್ಲಿ ಇವುಗಳ ಆಸೆಯನ್ನೇ ಬಿಡಬೇಕೆ? ಅನುಭವವಿದ್ದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ. ಮನೆಯಲ್ಲಿ ಆರು ವರ್ಷದ ಮಗನಿದ್ದಾನೆ. ಗಿಡ ಸತ್ತ ದಿನವೆಲ್ಲ ಅವನೂ ಊಟ ಬಿಟ್ಟು ಕುಳಿತಿದ್ದ; ಆದ್ದರಿಂದ ಉಳಿದವನ್ನಾದರೂ ಕಾಪಾಡಬೇಕೆಂಬ ಆಸೆ ನನಗೆ ಬಹಳವಿದೆ.


ಕುಮಟಾ ತಾರಸಿ
ಜುಲೈ 21

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನೀವು ಬರೆದ ಮೇ ತಿಂಗಳ ಸಾಲಿನಲ್ಲಿಯೇ ಇದೆ. ಎಚೆವೇರಿಯಾಕ್ಕೆ ಪೆಟ್ಟು ಬಿದ್ದದ್ದು ಜೂನ್ ತಿಂಗಳ ಮಳೆಯಲ್ಲಲ್ಲ, ಅದಕ್ಕೂ ಮೊದಲಿನ ಸೆಖೆಯ ರಾತ್ರಿಗಳಲ್ಲಿ. ಮಳೆ ಬಂದು ಆ ಕೆಲಸವನ್ನು ಮುಗಿಸಿತು ಅಷ್ಟೆ.

ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಳ್ಳುತ್ತವೆ. ಒಣನಾಡಿನಲ್ಲಿ ಹಾಗೆ ಮಾಡಿದರೆ ಮೈಯಲ್ಲಿರುವ ನೀರೆಲ್ಲ ಆವಿಯಾಗಿ ಹೋಗುವುದರಿಂದ ಸಕ್ಯುಲೆಂಟ್‌ಗಳಲ್ಲಿ ಹೆಚ್ಚಿನವು ರಂಧ್ರಗಳನ್ನು ರಾತ್ರಿಯಲ್ಲಿ ತೆರೆದು, ಒಳಗೆ ಬಂದ ಅನಿಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡು, ಹಗಲಿನಲ್ಲಿ ಬಾಗಿಲು ಮುಚ್ಚಿಕೊಂಡು ಅದನ್ನೇ ಆಹಾರವನ್ನಾಗಿ ಮಾಡಿಕೊಳ್ಳುತ್ತವೆ. ಇದನ್ನು ಮೊದಲು ಗಮನಿಸಿ ಬರೆದವರಲ್ಲಿ ಒಬ್ಬರು ನಮ್ಮ ದಕ್ಷಿಣ ಭಾರತದಲ್ಲಿ ಕೆಲಸ ಮಾಡಿದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೇನ್. ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿಯಾಗಿದ್ದು ಮಧ್ಯಾಹ್ನದ ಹೊತ್ತಿಗೆ ಸಪ್ಪೆಯಾಗುತ್ತದೆಂದು ಅವರು ಲಂಡನ್ನಿನ ಲಿನಿಯನ್ ಸೊಸೈಟಿಗೆ ಬರೆದ ಪತ್ರ 1815ರಲ್ಲಿ ಪ್ರಕಟವಾಯಿತು. ನಮ್ಮ ಹಿತ್ತಿಲ ಗೋಡೆಗಳ ಮೇಲೆ ತಾನಾಗಿ ಬೆಳೆಯುವ ಅದೇ ಕಾಡುಬಸಳೆ! ಅದರ ಎಲೆಯನ್ನು ತಿಂದು ನೋಡಬೇಡಿ, ಮಗನಿಗೂ ಕೊಡಬೇಡಿ. ದನಗಳಿಗೆ ಅದು ವಿಷವಾದ ಉದಾಹರಣೆಗಳಿವೆ.

ಈ ರಾತ್ರಿಪಾಳಿಯ ಕೆಲಸ ಚೆನ್ನಾಗಿ ನಡೆಯಬೇಕಾದರೆ ರಾತ್ರಿ ತಂಪಾಗಿರಬೇಕು. ಎಚೆವೇರಿಯಾದ ತವರು ಮುಖ್ಯವಾಗಿ ಮೆಕ್ಸಿಕೋ ದೇಶದ ಎತ್ತರದ ಬೆಟ್ಟಸೀಮೆ. ಅಲ್ಲಿ ಹಗಲಿನಲ್ಲಿ ಸುಡುವ ಬಿಸಿಲಿದ್ದರೂ ರಾತ್ರಿ ಮೈ ನಡುಗುವಷ್ಟು ಚಳಿಯಿರುತ್ತದೆ. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ನಗುನಗುತ್ತ ಬೆಳೆಯುವುದು ಇದೇ ಕಾರಣಕ್ಕೆ. ನಮ್ಮ ಕರಾವಳಿಯಲ್ಲಿ ಮೇ ತಿಂಗಳ ರಾತ್ರಿ 25 ಡಿಗ್ರಿಗಿಂತ ಕೆಳಗೆ ಇಳಿಯುವುದೇ ಅಪರೂಪ. ಅಂಥ ರಾತ್ರಿಗಳಲ್ಲಿ ಗಿಡ ಕೂಡಿಡುವುದಕ್ಕಿಂತ ಉಸಿರಾಟಕ್ಕೆ ಕಳೆಯುವುದೇ ಹೆಚ್ಚಾಗಿ ದಿನೇ ದಿನೇ ಬಡವಾಗುತ್ತದೆ. ಹಾಗೆ ಸೊರಗಿದ ಗಿಡಕ್ಕೆ ಜೂನ್ ತಿಂಗಳಲ್ಲಿ ಬೆಳಕೂ ಇಲ್ಲ, ಗಾಳಿಯಲ್ಲಿ ಒಣಗುವ ಗುಣವೂ ಇಲ್ಲ. ನೀವು ಜೂನ್‌ನಲ್ಲಿ ಎರಡೇ ಸಲ ನೀರು ಕೊಟ್ಟಿರಬಹುದು. ಆದರೆ ಮೊದಲ ಸಲ ಕೊಟ್ಟ ನೀರು ಇವತ್ತಿಗೂ ಕುಂಡದ ನಡುವಿನಲ್ಲಿ ಹಾಗೆಯೇ ಇದ್ದೀತು. ಒಂದು ತೆಂಗಿನಗರಿಯ ಕಡ್ಡಿಯನ್ನು ಬುಡದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗೆ ನೀರಿದೆ.

ಇನ್ನು ಮಣ್ಣು. ಬೆಂಗಳೂರಿನಿಂದ ಬರುವ ಬಹುತೇಕ ಗಿಡಗಳು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತುಂಬಿದ ಕುಂಡದಲ್ಲಿರುತ್ತವೆ. ಸಾಗಿಸಲು ಹಗುರ, ಅಲ್ಲಿಯ ಹವೆಗೆ ಸರಿ. ಕಾರವಾರದ ಮಳೆಗಾಲಕ್ಕೆ ಅದು ಒದ್ದೆ ಬಟ್ಟೆಯನ್ನು ಗಿಡದ ಬುಡಕ್ಕೆ ಸುತ್ತಿದ ಹಾಗೆ. ನಾನು ಕಳೆದ ಆರು ವರ್ಷಗಳಿಂದ ಬಳಸುವ ಮಿಶ್ರಣದಲ್ಲಿ ಮೂರು ಪಾಲು ಗಟ್ಟಿ ಹರಳು, ಒಂದು ಪಾಲು ಮಾತ್ರ ಹಳೆಯ ಗೊಬ್ಬರ ಇರುತ್ತದೆ. ಹರಳಿಗಾಗಿ ದುಡ್ಡು ಕೊಟ್ಟು ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲನ್ನು ತರಿಸಬೇಕಾಗಿಲ್ಲ. ಮನೆ ಕಟ್ಟುವಲ್ಲಿ ಚೀರೆಕಲ್ಲು ಕೆತ್ತಿದಾಗ ಬೀಳುವ ಚೂರು, ಒಡೆದ ಹಂಚು, ಇದ್ದಿಲು ಇವುಗಳನ್ನು ಕುಟ್ಟಿ ಜರಡಿ ಹಿಡಿದು, ಕಡಲೆಕಾಳಿನಿಂದ ಹೆಸರುಕಾಳಿನವರೆಗಿನ ಗಾತ್ರದ್ದನ್ನು ಉಳಿಸಿಕೊಂಡು, ಪುಡಿಯನ್ನು ಪೂರ್ತಿಯಾಗಿ ತೊಳೆದು ತೆಗೆಯಬೇಕು. ಆ ಪುಡಿಯೇ ವೈರಿ. ಸಂದುಗಳಲ್ಲಿ ಕುಳಿತು ಗಾಳಿಯ ದಾರಿಯನ್ನು ಮುಚ್ಚುವುದು ಅದೇ. ದೇವಬಾಗದ ದಂಡೆಯ ಮರಳು ಕೈಗೆಟುಕುವಷ್ಟು ಹತ್ತಿರವಿದೆಯೆಂದು ಅದನ್ನು ಬೆರೆಸಬೇಡಿ, ಅದರ ಉಪ್ಪು ಬೇರನ್ನು ಸುಡುತ್ತದೆ.

ಕುಂಡದ ತಳಕ್ಕೆ ಎರಡು ಬೆರಳು ದಪ್ಪ ಜಲ್ಲಿ ಹಾಕಿದರೆ ನೀರು ಇಳಿದುಹೋಗುತ್ತದೆಂದು ಎಲ್ಲರೂ ಹೇಳುತ್ತಾರೆ. ನಾನೂ ಬಹುಕಾಲ ನಂಬಿದ್ದೆ. ವಾಸ್ತವವಾಗಿ ನುಣುಪಾದ ಮಣ್ಣು ಪೂರ್ತಿ ತೋಯುವವರೆಗೂ ನೀರು ಅದನ್ನು ಬಿಟ್ಟು ದಪ್ಪ ಜಲ್ಲಿಗೆ ಇಳಿಯುವುದಿಲ್ಲ, ಹೀಗಾಗಿ ಒದ್ದೆಯ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡಲಾಗಿ ಹಿಡಿಯಿರಿ. ಹನಿ ನಿಂತ ಮೇಲೆ ಅದನ್ನೇ ನೆಟ್ಟಗೆ ತಿರುಗಿಸಿದರೆ ಮತ್ತಷ್ಟು ನೀರು ಸುರಿಯುತ್ತದೆ. ಅಗಲವಾದ ತಟ್ಟೆಯಂಥ ಕುಂಡಕ್ಕಿಂತ ಎತ್ತರದ ಕುಂಡದ ಮೇಲ್ಭಾಗ ಬೇಗ ಒಣಗುವುದು ಇದೇ ಲೆಕ್ಕದಲ್ಲಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಹರಳು ಮಿಶ್ರಣವಿರಲಿ, ತಳದ ತೂತು ಹೆಬ್ಬೆರಳು ಹೋಗುವಷ್ಟಿರಲಿ.

ಕೆಂಪು ಗುಂಡಿನ ಕಳ್ಳಿಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಆ ಗುಂಡಿನಲ್ಲಿ ಪತ್ರಹರಿತ್ತೇ ಇಲ್ಲ. ಕೆಳಗಿನ ಹಸಿರು ಕಾಂಡ ದುಡಿದು ಅದನ್ನು ಸಾಕುತ್ತದೆ. ಎಷ್ಟು ಜೋಪಾನ ಮಾಡಿದರೂ ಅದು ಕೆಲವೇ ವರ್ಷಗಳ ಜೋಡಿ. ಅದು ಹೋದ ದಿನ ನಿಮ್ಮ ಆರೈಕೆಯಲ್ಲಿ ಕೊರತೆಯಾಯಿತೆಂದು ಮಗನಾಗಲಿ ನೀವಾಗಲಿ ನೊಂದುಕೊಳ್ಳಬೇಡಿ.


ಶಿರಸಿ ತೋಟಿಗ
ಜುಲೈ 22

ತಂಗೀ, ನಮಸ್ಕಾರ. ಕುಮಟೆಯವರು ಕಾರಣವನ್ನು ಬಹಳ ಚೆನ್ನಾಗಿ ತಿಳಿಸಿದ್ದಾರೆ. ನಾನು ಅಡಿಕೆ ತೋಟದವನು. ಹೂಗಿಡದ ಮರುಳು ನಮ್ಮ ಆಯಿಯಿಂದ ಬಂದದ್ದು. ಮಳೆಗಾಲವನ್ನು ದಾಟಿಸುವ ರೀತಿಯ ಬಗ್ಗೆ ಮಾತ್ರ ಬರೆಯುತ್ತೇನೆ.

ನಮ್ಮಲ್ಲಿ ಅಡಿಕೆಗೆ ಕೊಳೆ ರೋಗ ಬರುವುದು ನಿಮಗೂ ತಿಳಿದಿದೆ. ಕೊಳೆ ಕಂಡ ಮೇಲೆ ಔಷಧ ಹೊಡೆಯಲು ಹೊರಟವನಿಗೆ ಆ ವರ್ಷದ ಫಸಲಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗಳಿಗೆ ಹೊಡೆದಿರಬೇಕು. ಅದಕ್ಕೂ ಹಿಂದಿನವರು ಗೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆಯ ಹನಿಯೇ ತಾಗದಂತೆ ನೋಡಿಕೊಳ್ಳುತ್ತಿದ್ದರು. ಅಡಿಕೆಯನ್ನು ಕೊಳೆಸುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯ ಬಳಗದವೇ ನಿಮ್ಮ ಕುಂಡದ ಗಿಡದ ಬುಡವನ್ನೂ ತಿನ್ನುತ್ತವೆ. ಆದ್ದರಿಂದ ನಿಯಮವೂ ಅದೇ: ಜೂನ್ ಬಂದ ಮೇಲೆ ಮಾಡುವ ಕೆಲಸ ಕಡಿಮೆ, ಮೇ ತಿಂಗಳ ಕೊನೆಯೊಳಗೆ ಮಾಡಿ ಮುಗಿಸಬೇಕಾದದ್ದೇ ಬಹಳ.

ನಾನು ಮಾಡುವುದು ಇಷ್ಟು. ರೋಹಿಣಿ ಮಳೆಯ ಹೊತ್ತಿಗೆ ಎಲ್ಲ ಸಕ್ಯುಲೆಂಟ್‌ಗಳಿಗೂ ನೀರು ನಿಲ್ಲಿಸುತ್ತೇನೆ. ಕುಂಡ ಎತ್ತಿದರೆ ಕೈಗೆ ಹಗುರವಾಗುವಷ್ಟು ಒಣಗಿದ ಮೇಲೆ ಅವುಗಳನ್ನು ಅಡಿಕೆ ಒಣಗಿಸುವ ಅಟ್ಟದ ಮೇಲೆ, ಪಾರದರ್ಶಕ ಶೀಟಿನ ಮಾಡಿನ ಅಡಿಯಲ್ಲಿ ಸಾಲಾಗಿ ಇಡುತ್ತೇನೆ. ಸುಗ್ಗಿ ಬರುವ ತನಕ ಆ ಅಟ್ಟ ಖಾಲಿಯೇ ಇರುತ್ತದೆ. ಮೇಲಿನಿಂದ ಬೆಳಕು ಬೀಳುತ್ತದೆ, ದಬ್ಬೆಗಳ ಸಂದಿನಿಂದ ಕೆಳಗಿನಿಂದಲೂ ಗಾಳಿ ಆಡುತ್ತದೆ. ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು ಕಳೆಯುವವರೆಗೆ ಹನಿ ನೀರನ್ನೂ ಕೊಡುವುದಿಲ್ಲ. ಎಲೆ ಸುಕ್ಕಾದರೆ ಆಗಲಿ. ಸುಕ್ಕಾದ ಎಲೆ ಒಂದು ನೀರಿಗೆ ತುಂಬಿಕೊಳ್ಳುತ್ತದೆ, ಕೊಳೆತದ್ದು ಏನು ಕೊಟ್ಟರೂ ಮರಳುವುದಿಲ್ಲ.

ಅಡೇನಿಯಂಗೆ ಇನ್ನೊಂದು ಉಪಾಯವಿದೆ. ನಮ್ಮ ಮನೆಗಳಲ್ಲಿ ಬೇಸಿಗೆಯಲ್ಲಿ ಕೊಯ್ದ ಮೊಗೆಕಾಯಿಯನ್ನು (ಸಾಂಬಾರ್ ಸೌತೆಯನ್ನು) ಬಾಳೆಯ ನಾರಿನಿಂದ ಕಟ್ಟಿ ಒಂದಕ್ಕೊಂದು ತಾಗದಂತೆ ಮಾಡಿನ ಪಕಾಸಿಗೆ, ಅಂದರೆ ಹಂಚು ಹೊರುವ ಮರದ ಪಟ್ಟಿಗೆ, ನೇತುಹಾಕುವ ರೂಢಿ ನಿಮಗೆ ಗೊತ್ತಿರಬಹುದು. ಸುತ್ತಲೂ ಗಾಳಿಯಿದ್ದರೆ ಅದು ಇಡೀ ಮಳೆಗಾಲ ಕೆಡದೆ ಇರುತ್ತದೆ. ಮೂರು ವರ್ಷಗಳ ಹಿಂದೆ ಬುಡ ಮೆತ್ತಗಾಗುತ್ತಿದ್ದ ಒಂದು ಅಡೇನಿಯಂ ಅನ್ನು ಕುಂಡದಿಂದ ಕಿತ್ತು, ಮಣ್ಣೆಲ್ಲ ಉದುರಿಸಿ, ಕೊಳೆತ ಬೇರನ್ನು ಬೆಳ್ಳಗಿನ ಗಟ್ಟಿ ಭಾಗ ಕಾಣುವ ತನಕ ಕೆತ್ತಿ ಗಂಧಕದ ಪುಡಿ ಸವರಿ, ಮೊಗೆಕಾಯಿಯ ಪಕ್ಕದಲ್ಲಿಯೇ ತಲೆಕೆಳಗಾಗಿ ಕಟ್ಟಿದೆ. ಒಲೆಯ ಬಿಸಿ ಅಲ್ಲಿಗೆ ಸ್ವಲ್ಪ ತಾಗುತ್ತದೆ. ಗಾಯದ ಮೇಲೆ ಎರಡು ವಾರದಲ್ಲಿ ತೊಗಲಿನಂಥ ಒಣ ಪದರ ಬಂತು. ಎಲೆಗಳೆಲ್ಲ ಉದುರಿದವು. ಹಸ್ತ ಮಳೆಯ ಹೊತ್ತಿಗೆ ಇಳಿಸಿ ನೋಡಿದರೆ ಬುಡ ಚರ್ಮ ಸುಕ್ಕಾದ ಅಜ್ಜನ ಮುಂಗೈಯಂತಿತ್ತು, ಆದರೆ ತುದಿಯಲ್ಲಿ ಸಾಸಿವೆಗಾತ್ರದ ಹಸಿರು ಮೊಗ್ಗು ಕಾಣುತ್ತಿತ್ತು. ಹೊಸ ಹರಳು ಮಣ್ಣಿಗೆ ನೆಟ್ಟು, ಒಂದು ವಾರದ ನಂತರ ಮೊದಲ ನೀರು ಕೊಟ್ಟೆ. ಆ ಗಿಡ ಈಗಲೂ ಇದೆ, ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಹೂ ಬಿಡುತ್ತದೆ.

ನಿಮ್ಮ ಮೆತ್ತಗಾದ ಅಡೇನಿಯಂ ಅನ್ನು ಇಂದೇ ಕೀಳಿರಿ. ಕೆತ್ತುವಾಗ ಬರುವ ಹಾಲು ವಿಷ. ಆಫ್ರಿಕಾದಲ್ಲಿ ಬೇಟೆಯ ಬಾಣಗಳಿಗೆ ಅದನ್ನು ಹಚ್ಚುತ್ತಿದ್ದರು. ಕೈಗವಸು ಹಾಕಿಕೊಂಡು, ಮಗನನ್ನು ದೂರವಿರಿಸಿ, ಚಾಕುವನ್ನು ಅಡುಗೆಗೆ ಮರಳಿ ಬಳಸದಂತೆ ಬೇರೆ ಇಡಿ.

ಒಂದು ವಿಷಯವನ್ನು ಮಾತ್ರ ನಾನು ಒತ್ತಿ ಹೇಳಬೇಕು. ಇಲ್ಲಿ ಘಟ್ಟದ ಮೇಲೆ ಸುಮಾರು 600 ಮೀಟರ್ ಎತ್ತರವಿದೆ, ರಾತ್ರಿ ತಂಪು. ಆದ್ದರಿಂದ ಎಚೆವೇರಿಯಾ ನನ್ನಲ್ಲಿ ಉಳಿಯುತ್ತದೆ. ನಿಮ್ಮಲ್ಲಿ ಅದು ಕಷ್ಟದ ಗಿಡ. ಉಳಿದ ಎರಡನ್ನು ಘಟ್ಟದ ಮೇಲಿನ ನೆಂಟರ ಮನೆಯಲ್ಲಿ ಮೇ ತಿಂಗಳಿನಿಂದ ಸೆಪ್ಟೆಂಬರ್ ತನಕ ಇಟ್ಟು ಮತ್ತೆ ತರುವುದಾದರೆ ಅದಕ್ಕಿಂತ ಒಳ್ಳೆಯ ಔಷಧವಿಲ್ಲ.


ಕುಮಟಾ ತಾರಸಿ
ಜುಲೈ 22

ಶಿರಸಿಯ ಅಣ್ಣನವರ ಮೊಗೆಕಾಯಿಯ ರೀತಿಯನ್ನು ನಾನು ಈ ಸಲವೇ ಮಾಡಿ ನೋಡುತ್ತೇನೆ. ಆದರೆ ಓದಿದವರು ಎಲ್ಲ ಗಿಡಗಳನ್ನೂ ಕಿತ್ತು ನೇತುಹಾಕಬಾರದೆಂದು ಎಚ್ಚರಿಸಬೇಕಾಗಿದೆ. ದಪ್ಪ ಬುಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಅಡೇನಿಯಂಗೆ ಅದು ಸರಿ, ಗುಂಡು ಕಳ್ಳಿಗಳಿಗೂ ನಡೆಯುತ್ತದೆ. ಹಾವರ್ಥಿಯಾದ ಬೇರು ಎರಡು ತಿಂಗಳು ಒಣಗಿದರೆ ಪೂರ್ತಿ ಸತ್ತು, ಗಿಡ ಮತ್ತೆ ಬೇರು ಬಿಡಲು ಇಡೀ ಚಳಿಗಾಲ ಬೇಕಾಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಅದು ಪೊದೆಗಳ ನೆರಳಿನಲ್ಲಿ ಬೆಳೆಯುವ ಗಿಡ, ಹೀಗಾಗಿ ಮಂದ ಬೆಳಕನ್ನು ತಾಳಿಕೊಳ್ಳುತ್ತದೆ. ಕೋಡಿಬಾಗದವರ ಹಾವರ್ಥಿಯಾಗಳು ಚೆನ್ನಾಗಿರುವುದು ಇದೇ ಕಾರಣದಿಂದ. ಅವುಗಳನ್ನು ಮುಟ್ಟದೆ, ಇಪ್ಪತ್ತು ದಿನಕ್ಕೊಮ್ಮೆ ಕುಂಡದ ಅಂಚಿನಲ್ಲಿ ಎರಡು ಚಮಚ ನೀರು ಕೊಟ್ಟರೆ ಸಾಕು.


ಅಘನಾಶಿನಿ ದಂಡೆ
ಜುಲೈ 23

ಎಲ್ಲರ ಬರಹಗಳನ್ನೂ ಓದಿದೆ. ಆಸೆಯನ್ನು ಬಿಡಬೇಕೆ ಎಂದು ನೀವು ಕೇಳಿದ್ದೀರಿ. ಬಿಡಬೇಡಿ, ಗಿಡವನ್ನು ಬದಲಿಸಿ.

ಕಳ್ಳಿ ಎಂದೊಡನೆ ಮರುಭೂಮಿ ನೆನಪಾಗುತ್ತದೆ. ಆದರೆ ನಮ್ಮ ಕರಾವಳಿಯ ಮನೆಮನೆಯ ಜಗಲಿಯ ಪಕ್ಕದಲ್ಲಿ ಬೆಳೆದು, ಮಳೆಗಾಲದ ರಾತ್ರಿ ಅರಳಿದಾಗ ಅಕ್ಕಪಕ್ಕದವರನ್ನೆಲ್ಲ ಕರೆದು ಆರತಿ ಎತ್ತುವ ನಮ್ಮ ಬ್ರಹ್ಮಕಮಲವೂ ಒಂದು ಕಳ್ಳಿಯೇ. ಹಿಮಾಲಯದ ನಿಜವಾದ ಬ್ರಹ್ಮಕಮಲ ಬೇರೆ. ಇದು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಮಳೆಕಾಡಿನಲ್ಲಿ ಮರದ ಕೊಂಬೆಗಳ ಮೇಲೆ ಬೆಳೆಯುವ ಎಪಿಫಿಲಂ. ಎಲೆಯೆಂದು ನಾವು ತಿಳಿಯುವುದು ಅದರ ಚಪ್ಪಟೆಯಾದ ಕಾಂಡ. ಸೆಖೆ, ಮಳೆ, ಮರದ ನೆರಳು ಇವೆಲ್ಲ ಅದರ ತವರಿನವೇ ಆದ್ದರಿಂದ ನಮ್ಮಲ್ಲಿ ಅದು ಯಾರ ಹಂಗೂ ಇಲ್ಲದೆ ಬೆಳೆಯುತ್ತದೆ. ರಿಪ್ಸಾಲಿಸ್ ಎಂಬ ಜಡೆಯಂತೆ ಇಳಿಬೀಳುವ ಕಳ್ಳಿಯೂ ಇದೇ ಬಗೆಯದು. ಹೋಯಾ ಬಳ್ಳಿಗಳ ದಪ್ಪ ಎಲೆಗಳೂ ಸಕ್ಯುಲೆಂಟ್ ಎಂಬ ಮಾತಿಗೆ ಸಲ್ಲುತ್ತವೆ. ಅವುಗಳಲ್ಲಿ ಒಂದೆರಡು ಜಾತಿ ನಮ್ಮ ಸಹ್ಯಾದ್ರಿಯವೇ. ಪಶ್ಚಿಮ ಆಫ್ರಿಕಾದ ಸೆಖೆಯ ನಾಡಿನಿಂದ ಬಂದ ನಿಮ್ಮ ಸ್ನೇಕ್ ಪ್ಲಾಂಟ್ ಏಕೆ ನೆಮ್ಮದಿಯಿಂದಿದೆಯೆಂಬುದು ಈಗ ನಿಮಗೇ ತಿಳಿಯುತ್ತದೆ. ಗಿಡ ಕೊಳ್ಳುವ ಮೊದಲು ಅದರ ಚೆಂದಕ್ಕಿಂತ ಅದರ ಊರಿನ ರಾತ್ರಿ ಹೇಗಿರುತ್ತದೆಂದು ವಿಚಾರಿಸುವುದೇ ನನ್ನ ರೂಢಿ.

ಕಡಲಿಗೆ ಮುಖ ಮಾಡಿದ ಬಾಲ್ಕನಿಯಾದ್ದರಿಂದ ಗಾಳಿಯೊಡನೆ ಬರುವ ಉಪ್ಪಿನ ಮಾತೂ ಇದೆ. ಯುಫೋರ್ಬಿಯಾ ಮಿಲಿ ಎಂಬ ಮುಳ್ಳಿನ ಹೂಗಿಡ, ಲೋಳೆಸರ, ಟೇಬಲ್ ರೋಸ್ ಇವು ಉಪ್ಪಿನ ಗಾಳಿಯನ್ನು ತಕ್ಕಮಟ್ಟಿಗೆ ತಡೆಯುತ್ತವೆ. ಇವುಗಳನ್ನು ಬಾಲ್ಕನಿಯ ಹೊರ ಅಂಚಿನಲ್ಲಿಟ್ಟು, ನಾಜೂಕಿನವನ್ನು ಒಳಬದಿಗೆ ಸರಿಸಿ. ಯುಫೋರ್ಬಿಯಾದ ಹಾಲು ಕಣ್ಣಿಗೆ ಬಿದ್ದರೆ ಬಹಳ ಅಪಾಯ, ಅದನ್ನು ಮಗನಿಗೆ ಹೇಳಿಕೊಡಿ.

ಪರದೇಶದ ಗಿಡಗಳ ನಡುವೆ ಒಂದು ನಮ್ಮದೇ ಗಿಡವನ್ನೂ ಸೇರಿಸುವಂತೆ ಕೇಳಿಕೊಳ್ಳುತ್ತೇನೆ. ಘಟ್ಟದಲ್ಲಿ ಮುಂಗಾರಿನ ಮೊದಲ ದಿನಗಳಲ್ಲಿ ಮಾವು, ಹಲಸಿನ ಮರಗಳಿಂದ ನರಿಯ ಬಾಲದಂತೆ ಇಳಿಬೀಳುವ ನಸುಗೆಂಪು ಚುಕ್ಕೆಯ ಬಿಳಿ ಹೂಗೊಂಚಲನ್ನು ನೀವು ನೋಡಿರುತ್ತೀರಿ. ಅದೇ ಸೀತಾಳೆ ದಂಡೆ. ಅಸ್ಸಾಮಿನಲ್ಲಿ ಬಿಹು ಕುಣಿತದ ಹೆಣ್ಣುಮಕ್ಕಳು ಮುಡಿಯುವ ರಾಜ್ಯಪುಷ್ಪವೂ ಇದೇ ಹೂವು. ಇದನ್ನು ಕಾಡಿನ ಮರದಿಂದ ಕೀಳುವುದು ತಪ್ಪು. ಕಿತ್ತವರೆಲ್ಲ ಅದನ್ನು ಮಣ್ಣಿನ ಕುಂಡದಲ್ಲಿ ಹೂತು ಒಂದೇ ವರ್ಷದಲ್ಲಿ ಕೊಂದಿದ್ದನ್ನು ನೋಡಿ ನನಗೆ ಸಂಕಟವಾಗಿದೆ. ಸಸಿ ಮಾಡಿ ಮಾರುವವರಿಂದ ಕೊಳ್ಳಿ. ಮಣ್ಣು ಬೇಡವೇ ಬೇಡ. ಒಂದು ತುಂಡು ಗಟ್ಟಿ ಮರಕ್ಕೆ ಕತ್ತದ ಹುರಿಯಿಂದ ಕಟ್ಟಿ ತೂಗುಹಾಕಿದರೆ ಬೇರು ತಾನಾಗಿ ಮರವನ್ನು ಹಿಡಿಯುತ್ತದೆ. ನೀರು ಬೇಕೋ ಬೇಡವೋ ಎಂದು ಬೇರೇ ಹೇಳುತ್ತದೆ: ಒಣಗಿದಾಗ ಬೆಳ್ಳಿಯ ಬಣ್ಣ, ಹನಿ ಬಿದ್ದೊಡನೆ ಹಸಿರು. ಆರು ವರ್ಷದ ಹುಡುಗನಿಗೆ ನೀರು ಹನಿಸುವ ಕೆಲಸ ಕೊಟ್ಟರೆ ಆ ಬಣ್ಣ ಬದಲಾಗುವುದನ್ನು ಕಣ್ಣಾರೆ ನೋಡುತ್ತಾನೆ.


ಕೋಡಿಬಾಗ ಕೈತೋಟ, ಕಾರವಾರ
ಆಗಸ್ಟ್ 9

ಶಿರಸಿಯ ಅಣ್ಣನವರಿಗೂ ಉಳಿದ ಇಬ್ಬರಿಗೂ ಮನಃಪೂರ್ವಕ ವಂದನೆಗಳು. ಅಂದೇ ಕೆಲಸಕ್ಕೆ ತೊಡಗಿದೆ. ಕುಂಡಗಳನ್ನು ಮಗುಚಿದಾಗ ಕುಮಟೆಯವರು ಬರೆದದ್ದು ಅಕ್ಷರಶಃ ನಿಜವಾಯಿತು: ಮೇಲೆ ಅಂಟಿಸಿದ ಬಿಳಿ ಕಲ್ಲುಗಳ ಕೆಳಗೆ ಕೋಕೋಪೀಟ್ ಹಿಂಡಿದರೆ ನೀರು ಸುರಿಯುವಷ್ಟು ಒದ್ದೆಯಾಗಿತ್ತು. ಒಂದು ಎಚೆವೇರಿಯಾದ ಬುಡ ಕೊಳೆತಿದ್ದರೂ ತಲೆ ಗಟ್ಟಿಯಾಗಿತ್ತು. ಕಾಂಡವನ್ನು ಸ್ವಲ್ಪಸ್ವಲ್ಪವಾಗಿ ಕತ್ತರಿಸುತ್ತ ಹೋದೆ. ಮೂರನೆಯ ಸಲವೂ ನಡುವಿನಲ್ಲಿ ಕಂದು ಬಣ್ಣದ ಉಂಗುರ ಕಾಣಿಸಿತು, ನಾಲ್ಕನೆಯ ಸಲ ಪೂರ್ತಿ ಹಸಿರು. ಆ ತಲೆಯನ್ನು ಖಾಲಿ ಲೋಟದ ಬಾಯಿಯ ಮೇಲೆ ಕೂರಿಸಿ ಫ್ರಿಜ್ಜಿನ ಹಿಂಬದಿಯ ಬೆಚ್ಚನೆಯ ಜಾಗದಲ್ಲಿ ಇಟ್ಟಿದ್ದೇನೆ. ನಮ್ಮ ಮನೆಯಲ್ಲಿ ಒಲೆಯೂ ಇಲ್ಲ, ಪಕಾಸೂ ಇಲ್ಲ. ಅಡೇನಿಯಂ ಅನ್ನು ಬಟ್ಟೆ ಒಣಗಿಸುವ ಒಳಕೋಣೆಯ ಫ್ಯಾನಿನ ಹತ್ತಿರ ತೂಗುಹಾಕಿದ್ದೇನೆ. ಜೇಡ್ ಗಿಡ ಎಲೆ ಉದುರಿಸುವುದನ್ನು ನಿಲ್ಲಿಸಿದೆ.

ಈಗ ಎರಡು ಸಂದೇಹಗಳು. ಹಾವರ್ಥಿಯಾದ ಎಲೆಗಳ ಸಂದಿನಲ್ಲಿ ಹತ್ತಿಯಂಥ ಬಿಳಿ ತುಣುಕುಗಳು ಕಾಣುತ್ತಿವೆ, ಜೊತೆಗೆ ಸಣ್ಣ ಇರುವೆಗಳೂ ಓಡಾಡುತ್ತಿವೆ. ಮತ್ತೊಂದು, ಒಳಗೆ ತಂದ ಮೇಲೆ ಜೇಡ್ ಗಿಡದ ಹೊಸ ಚಿಗುರು ಉದ್ದುದ್ದವಾಗಿ ಕಿಟಕಿಯ ಕಡೆಗೆ ಬಾಗುತ್ತಿದೆ. ಏನು ಮಾಡಲಿ?


ಕುಮಟಾ ತಾರಸಿ
ಆಗಸ್ಟ್ 9

ಬಿಳಿಯದು ಹಿಟ್ಟು ತಿಗಣೆ. ಅದು ಸ್ರವಿಸುವ ಸಿಹಿ ರಸಕ್ಕಾಗಿ ಇರುವೆಗಳು ಅದನ್ನು ಕಾಯುತ್ತವೆ, ಒಂದು ಗಿಡದಿಂದ ಇನ್ನೊಂದಕ್ಕೆ ಹೊತ್ತೊಯ್ಯುತ್ತವೆ. ಆದ್ದರಿಂದ ಇರುವೆಯ ದಾರಿಯನ್ನು ಮೊದಲು ಕಡಿಯಿರಿ. ಕುಂಡವನ್ನು ನೀರು ತುಂಬಿದ ತಟ್ಟೆಯ ನಡುವೆ ಮಗುಚಿದ ಬಟ್ಟಲಿನ ಮೇಲೆ, ತಳಕ್ಕೆ ನೀರು ತಾಗದಂತೆ ಇಡಿ. ಔಷಧದಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿಕಡ್ಡಿಯನ್ನು ಅದ್ದಿ ಒಂದೊಂದೇ ತುಣುಕನ್ನು ಮುಟ್ಟಿ ತೆಗೆಯಿರಿ, ನಾಲ್ಕು ದಿನಕ್ಕೊಮ್ಮೆ ಮತ್ತೆ ನೋಡಿ. ಮಳೆಗಾಲದಲ್ಲಿ ಬೇವಿನ ಎಣ್ಣೆ ಸಿಂಪಡಿಸಲು ನಾನು ಹೇಳುವುದಿಲ್ಲ, ಎಲೆಗಳ ಸಂದಿನಲ್ಲಿ ಕುಳಿತ ಒದ್ದೆ ಆರುವುದೇ ಇಲ್ಲ. ಎಚೆವೇರಿಯಾದ ಎಲೆಯ ಮೇಲಿರುವ ಬೂದಿಯಂಥ ಹುಡಿಯನ್ನು ಮಾತ್ರ ತಿಗಣೆಯೆಂದು ಒರೆಸಬೇಡಿ. ಅದು ಗಿಡದ್ದೇ ರಕ್ಷೆ, ಒಮ್ಮೆ ಒರೆಸಿದರೆ ಆ ಎಲೆಗೆ ಮತ್ತೆ ಬರುವುದಿಲ್ಲ.

ಜೇಡ್ ಬಾಗುತ್ತಿರುವುದು ಬೆಳಕಿನ ಕೊರತೆಗೆ. ಮನೆಯಲ್ಲಿ ಬಳಸುವ ಬಿಳಿ ಎಲ್‌ಇಡಿ ಟ್ಯೂಬ್‌ಲೈಟನ್ನೇ ಗಿಡದಿಂದ ಒಂದು ಅಡಿ ಮೇಲೆ ಕಟ್ಟಿ ದಿನಕ್ಕೆ 12 ಗಂಟೆ ಉರಿಸಿ. ರಾತ್ರಿ ತಪ್ಪದೆ ಆರಿಸಬೇಕು, ಅದರ ಕೆಲಸ ನಡೆಯುವುದು ಕತ್ತಲಲ್ಲಿ.


ಶಿರಸಿ ತೋಟಿಗ
ಆಗಸ್ಟ್ 10

ತಂಗೀ, ಫ್ಯಾನಿನ ಗಾಳಿ ಪಕಾಸಿಗಿಂತ ಒಳ್ಳೆಯದೇ ಆದೀತು. ಮುಂದಿನ ಅಪಾಯ ಅಕ್ಟೋಬರ್ ತಿಂಗಳದ್ದು, ಅದನ್ನು ಈಗಲೇ ಬರೆದಿಡುತ್ತೇನೆ. ಮಳೆ ಹಿಂದೆಗೆದು ಆಕಾಶ ತಿಳಿಯಾದ ಮೊದಲ ದಿನವೇ ಎಲ್ಲ ಗಿಡಗಳನ್ನೂ ಸಂತೋಷದಿಂದ ಬಿಸಿಲಿಗೆ ಇಡುವ ತಪ್ಪನ್ನು ನಾನು ಮಾಡಿದ್ದೇನೆ. ಮೂರು ತಿಂಗಳು ಮಂದ ಬೆಳಕಿನಲ್ಲಿದ್ದ ಎಲೆಗಳು ಒಂದೇ ಮಧ್ಯಾಹ್ನದಲ್ಲಿ ಸುಟ್ಟು ಬಿಳಿಚಿಕೊಂಡವು. ಮೊದಲ ನಾಲ್ಕು ದಿನ ಬೆಳಗಿನ ಒಂದು ಗಂಟೆ, ಆಮೇಲಿನ ನಾಲ್ಕು ದಿನ ಎರಡು ಗಂಟೆ, ಹೀಗೆ ಮೂರು ವಾರದಲ್ಲಿ ಹೆಚ್ಚಿಸುತ್ತ ಹೋಗಿ. ನಿಮ್ಮ ಬಾಲ್ಕನಿಗೆ ಪಡುವಣ ಬಿಸಿಲು ಮಾತ್ರ ಬರುವುದಾದರೆ ತಾರಸಿಯ ಮೂಡಣ ಮೂಲೆಗೆ ಒಯ್ಯಬೇಕಾದೀತು. ಅಡೇನಿಯಂ ಅನ್ನು ನೆಟ್ಟ ದಿನ ನೀರು ಕೊಡಬೇಡಿ. ಲೋಟದ ಮೇಲೆ ಕೂರಿಸಿದ ಎಚೆವೇರಿಯಾ ಬಿಳಿ ಬೇರು ಬಿಟ್ಟ ದಿನ ಇಲ್ಲಿ ಒಂದು ಸಾಲು ಬರೆಯಿರಿ. ಆ ಬೇರು ಒಂದು ಬೆರಳಿನ ಗೆಣ್ಣಿನಷ್ಟು ಉದ್ದವಾಗುವ ತನಕ ಅದನ್ನು ಮಣ್ಣಿಗೆ ಇಳಿಸಬೇಡಿ.